ಶ್ರೀರಂಗಪಟ್ಟಣದ ಪಿಸ್ತೂಲು

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

ಅಸಲು, ನಕಲು ಎಂಬ ಜೋಡಿಮಾತು ನಮ್ಮ ನಾಲಗೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅವೆರಡೂ ಅರಬ್ಬೀ ಮೂಲದ ಶಬ್ದಗಳೆಂಬುದೇ ನಮಗೆ ನೆನಪಾಗುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ನಕಲಿಗಾಗಿ ಕಾದು ನಿಂತ ರೈತನಿಗೂ, ಬೆಳ್ಳಿಯಂಗಡಿಯಲ್ಲಿ ಇದು ಅಸಲಿ ಹೌದೋ ಅಲ್ಲವೋ ಎಂದು ವಿಚಾರಿಸುವ ಗೃಹಿಣಿಗೂ ಅವು ಅಚ್ಚಗನ್ನಡದ ಮಾತುಗಳೇ. ಅಸಲು ಎಂದರೆ ಬೇರು, ಮೂಲ. ನಕಲು ಎಂಬುದಕ್ಕೆ ಮೂಲಭಾಷೆಯಲ್ಲಿ ಕಳ್ಳಮಾಲೆಂಬ ಅರ್ಥವಿರಲಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಸಾಗಿಸುವುದು ಎಂದು ಅದರ ಅರ್ಥ. ಗ್ರಂಥವನ್ನು ಪ್ರತಿ ಮಾಡುವುದಕ್ಕೂ, ಹಿರಿಯರು ಹೇಳಿದ ಮಾತನ್ನು ಕಿರಿಯರಿಗೆ ಮುಟ್ಟಿಸುವುದಕ್ಕೂ, ಒಂದು ಭಾಷೆಯದನ್ನು ಇನ್ನೊಂದಕ್ಕೆ ತರುವುದಕ್ಕೂ ಅದೇ ಮಾತು ಸಲ್ಲುತ್ತಿತ್ತು. ಕನ್ನಡದ ಪೇಟೆಗೆ ಬಂದು ತಲುಪುವಷ್ಟರಲ್ಲಿ ಪಾಪ, ಆ ಶಬ್ದಕ್ಕೆ ಕಳಂಕ ಅಂಟಿಕೊಂಡಿತು.

ಆ ಕಳಂಕ ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಸಾಹಿತ್ಯದ ಮೇಷ್ಟ್ರಾದ ನಾನು ಪಿಸ್ತೂಲಿನ ಮೂಲಕ ವಿಚಾರಿಸಹೊರಟದ್ದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾನು ಪಿಸ್ತೂಲು ಹಿಡಿದವನಲ್ಲ. ಆದರೆ ಶಬ್ದಗಳ ಜಾಡು ಹಿಡಿದು ಹೊರಟವನಿಗೆ ಆಯುಧಶಾಲೆ ಒಳ್ಳೆಯ ನಿಘಂಟು. ಬಂದೂಕು ಅರಬ್ಬರದು, ಗೋಲಿಗೂ ಒಂದು ಬಗೆಯ ಕಾಯಿಗೂ ಅಲ್ಲಿ ಇರುವ ಹೆಸರು ಆಯುಧಕ್ಕೆ ಬಂದಿತು. ತುಪಾಕಿಯೂ ತೋಪೂ ತುರ್ಕರವು. ಕಾಡತೂಸು ಪೋರ್ಚುಗೀಸರದು. ಫಿರಂಗಿಯಲ್ಲಂತೂ ಅದನ್ನು ತಂದ ಪರಂಗಿಯವನ ಹೆಸರೇ ಕೂತಿದೆ. ಇವುಗಳ ನಡುವೆ ಕೋವಿ ಎಂಬ ಒಂದು ಮಾತು ಮಾತ್ರ ನಮ್ಮದು. ಕೊಳವೆ ಎಂಬರ್ಥದ ಹಳೆಯ ದ್ರಾವಿಡ ಶಬ್ದವನ್ನು ಹೊಸ ವಸ್ತುವಿಗೆ ತೊಡಿಸಿದ ಆ ಅನಾಮಿಕ ಕನ್ನಡಿಗ ವಸ್ತುವನ್ನು ಹೊರಗಿನಿಂದ ಪಡೆದ, ಹೆಸರನ್ನು ಮನೆಯಿಂದ ಕೊಟ್ಟ.

ನಾನಿರುವ ಕೊಂಡಜ್ಜಿ ದಾವಣಗೆರೆಗೂ ಹರಿಹರಕ್ಕೂ ಸಮೀಪದ ಹಳ್ಳಿ. ಒಂದು ಕೆರೆ, ಒಂದು ಗುಡ್ಡ, ಸ್ಕೌಟುಗಳ ಶಿಬಿರ ಇವೇ ಅದರ ಪ್ರಸಿದ್ಧಿ. ಇಲ್ಲಿಂದ ಒಂದು ದಿಕ್ಕಿಗೆ ಚಿತ್ರದುರ್ಗ, ಇನ್ನೊಂದು ದಿಕ್ಕಿಗೆ ಮಲೆನಾಡಿನ ನಗರ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. 1779ರಲ್ಲಿ ಚಿತ್ರದುರ್ಗವೂ ಅವನ ವಶವಾಯಿತು. ಮಗ ಟಿಪ್ಪು ದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂಬ ಪಾರಸೀ ಹೆಸರನ್ನು ಕೊಟ್ಟ. ಜನ ಆ ಹೆಸರನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆ ಟಿಪ್ಪು ಕಾರ್ಖಾನೆಗಳನ್ನು ನಡೆಸಿದ. ಅವಕ್ಕೆ ತಾರಾಮಂಡಲವೆಂದು ಹೆಸರು. ಬೆಂಗಳೂರಿನ ತಾರಾಮಂಡಲಪೇಟೆ ಆ ಹೆಸರಿನ ಉಳಿಕೆ. ಟಿಪ್ಪುವಿನ ಗುಣದೋಷಗಳ ಕುರಿತ ವಾಗ್ವಾದಕ್ಕೆ ನಾನು ಇಂದು ಇಳಿಯುವುದಿಲ್ಲ. ನನ್ನ ಗಮನವಿರುವುದು ಆ ಕಾರ್ಖಾನೆಗಳ ಕಮ್ಮಾರನ ಮೇಲೆ. ಅವನ ಎಡಗಡೆಗೆ ಯೂರೋಪಿನ ಒಂದು ಅಸಲು, ಬಲಗಡೆಗೆ ಅವನು ಅರದಿಂದ ಉಜ್ಜುತ್ತಿರುವ ನಕಲು.

ಅವನೆದುರಿಗಿದ್ದ ಕೆಲಸದ ಕಷ್ಟ ತಿಳಿಯಬೇಕಾದರೆ ಆ ಕಾಲದ ಆಯುಧವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಹಳೆಯ ಕೋವಿಯಲ್ಲಿ ಹೊತ್ತಿಸಿದ ಬತ್ತಿ, ಎಂದರೆ ಜಾಮಗಿ, ಇಳಿದು ರಂಜಕದ ಮದ್ದನ್ನು ಮುಟ್ಟುತ್ತಿತ್ತು. ಅದು ಯಾವ ಊರ ಕಮ್ಮಾರನಿಗೂ ಸಾಧ್ಯವಾದ ಕೆಲಸ. ಹದಿನೆಂಟನೆಯ ಶತಮಾನದ ಯೂರೋಪಿನ ಕೋವಿಯಲ್ಲಿ ಜಾಮಗಿಯ ಬದಲು ಚಕಮಕಿ ಕಲ್ಲು ಬಂದಿತ್ತು. ಕಲ್ಲನ್ನು ಕಚ್ಚಿ ಹಿಡಿದ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸುತ್ತಾರೆ. ಬೆರಳು ಒತ್ತಿದೊಡನೆ ಅದು ಹಾರಿ ಉಕ್ಕಿನ ಫಲಕವನ್ನು ಉಜ್ಜುತ್ತದೆ, ಕಿಡಿ ರಂಜಕಕ್ಕೆ ಬೀಳುತ್ತದೆ, ನಳಿಗೆಯೊಳಗಿನ ಮದ್ದು ಸಿಡಿಯುತ್ತದೆ. ಈ ಇಡೀ ಯಂತ್ರಕ್ಕೆ ಇಂಗ್ಲಿಷರು ಬೀಗವೆಂದೇ ಹೆಸರಿಟ್ಟಿದ್ದಾರೆ. ನಳಿಗೆಯನ್ನು ನಮ್ಮವರು ಲೋಕಕ್ಕೇ ಮಾದರಿಯಾಗುವಂತೆ ಬೆಸೆಯಬಲ್ಲವರಾಗಿದ್ದರು. ಕಷ್ಟವಿದ್ದದ್ದು ಬೀಗದಲ್ಲಿ. ಅದರ ಸ್ಪ್ರಿಂಗಿಗೆ ಹದ ಹೆಚ್ಚಾದರೆ ಮುರಿಯುತ್ತದೆ, ಕಡಿಮೆಯಾದರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಫಲಕದ ಮೇಲ್ಮೈ ಗಡುಸಾಗಿರದಿದ್ದರೆ ಕಿಡಿ ಹುಟ್ಟುವುದಿಲ್ಲ. ಪಿಸ್ತೂಲಿನಲ್ಲಿ ಇವೆಲ್ಲ ಇನ್ನೂ ಕಿರಿದು. ಆದ್ದರಿಂದ ತಪ್ಪಿಗೆ ಅವಕಾಶವೂ ಕಿರಿದು.

ಶ್ರೀರಂಗಪಟ್ಟಣದಲ್ಲಿ ಎರಡು ಬಗೆಯ ನಕಲು ತಯಾರಾದವು. ಮೊದಲನೆಯದು ಸುಲ್ತಾನನ ಕೈಗೆಂದೇ ಮಾಡಿದ್ದು. ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲೂ ಬೇರೆ ಸಂಗ್ರಹಗಳಲ್ಲೂ ಉಳಿದುಬಂದಿರುವ ಟಿಪ್ಪುವಿನ ಕೋವಿ ಪಿಸ್ತೂಲುಗಳನ್ನು ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕರು 1992ರಲ್ಲಿ ಒಂದು ದೊಡ್ಡ ಗ್ರಂಥದಲ್ಲಿ ವರ್ಣಿಸಿದರು. ಆ ಪಿಸ್ತೂಲುಗಳ ಮೈಕಟ್ಟು ಯೂರೋಪಿನದು. ಆದರೆ ಹಿಡಿಗೆ ಬೆಳ್ಳಿಯ ಕೆತ್ತನೆ, ನಳಿಗೆಯ ಮೇಲೆ ಚಿನ್ನದ ಪಾರಸೀ ಅಕ್ಷರ, ಎಲ್ಲೆಲ್ಲೂ ಹುಲಿಯ ತಲೆ, ಹುಲಿಯ ಪಟ್ಟೆಯಾಕಾರದ ಬುಬ್ರಿ ಮುದ್ರೆ. ಕಲ್ಲನ್ನು ಕಚ್ಚುವ ಕುದುರೆ ಕೆಲವದರಲ್ಲಿ ಹುಲಿಯಾಗಿಬಿಟ್ಟಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕುದುರೆಯ ಕೆಲಸವನ್ನು ಹುಲಿಗೆ ವಹಿಸಿದ್ದಾರೆ! ತಾರೀಖು ಟಿಪ್ಪು ಹೊಸದಾಗಿ ಜಾರಿಗೆ ತಂದ ಮೌಲೂದಿ ಶಕದ್ದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಜೋಡಿ ಪಿಸ್ತೂಲುಗಳಲ್ಲಿ ಒಂದರ ಬೀಗ ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವುದುಂಟು. ಕನ್ನಡಿಯಲ್ಲಿ ಕಂಡಂತೆ ಬೀಗವನ್ನು ತಿರುವಿ ಮಾಡಬಲ್ಲವನು ಕಣ್ಣಿನಿಂದ ನಕಲು ಮಾಡುವ ಹಂತವನ್ನು ದಾಟಿದ್ದಾನೆ; ಅವನಿಗೆ ಯಂತ್ರದ ಅರ್ಥ ತಿಳಿದಿದೆ. ಅನುವಾದಕನು ಮೂಲದ ವಾಕ್ಯರಚನೆಯನ್ನು ಬಿಟ್ಟು ತನ್ನ ಭಾಷೆಯ ವಾಕ್ಯವನ್ನು ಕಟ್ಟಿದ ಹಾಗೆ.

ಎರಡನೆಯ ನಕಲು ಸಿಪಾಯಿಯ ಕೈಗೆ ಹೋಗುವಂಥದು. ಅದಕ್ಕೆ ಬೆಳ್ಳಿಯಿಲ್ಲ, ಚಿನ್ನವಿಲ್ಲ. ಫ್ರೆಂಚ್ ಸೈನ್ಯದ ಬಂದೂಕಿನ ಮಾದರಿ, ಒರಟು ಮರ, ಒಂದು ಮುದ್ರೆ, ಊರಿನ ಹೆಸರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಲೆಕ್ಕ ಹಾಕಿದಾಗ ಫಿರಂಗಿಗಳೇ 929 ಸಿಕ್ಕವು; ಬಂದೂಕು ಮುಂತಾದ ಕೈಗೋವಿಗಳ ಸಂಖ್ಯೆ ಒಂದು ಲಕ್ಷದ ಹತ್ತಿರವಿತ್ತು. ಎಲ್ಲವೂ ಇಲ್ಲಿಯೇ ಮಾಡಿದವಲ್ಲ, ಕೊಂಡವೂ ಗೆದ್ದವೂ ಸೇರಿದ್ದವು. ಆದರೂ ಅಲ್ಲಿ ಎರಕದ ಮನೆಗಳಿದ್ದವು, ನಳಿಗೆ ಕೊರೆಯುವ ಯಂತ್ರಗಳಿದ್ದವು. ಒಬ್ಬ ರಾಜನ ವಿನೋದಕ್ಕಾಗಿ ಅಷ್ಟು ಏರ್ಪಾಡು ಯಾರೂ ಮಾಡುವುದಿಲ್ಲ.

ನಮ್ಮ ಊರಿನಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತು ಯಂತ್ರಗಳ ಕೆಲಸ ಮಾಡಿದವರು. ನಾನು ಈ ಪಿಸ್ತೂಲುಗಳ ಚಿತ್ರವನ್ನು ಅವರ ಮುಂದಿಟ್ಟು, ಅಸಲಿಗೂ ನಕಲಿಗೂ ಏನು ವ್ಯತ್ಯಾಸ ಕಾಣುತ್ತದೆಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಮೇಷ್ಟ್ರೇ, ಚಿತ್ರದಾಗೆ ಎಲ್ಲಾ ಒಂದೇ. ಇದರ ಸ್ಕ್ರೂ ಬಿಚ್ಚಿ ಅದಕ್ಕೆ ಹಾಕಿದ್ರೆ ಕೂರುತ್ತಾ? ಅದನ್ನ ಹೇಳ್ರಿ. ಕೂರದಿದ್ರೆ ಅದು ನಕಲೂ ಅಲ್ಲ, ಅದೊಂದು ಬೇರೆ ಪಿಸ್ತೂಲು” ಎಂದರು. ನನ್ನ ಮೂವತ್ತು ವರ್ಷದ ಕಾವ್ಯಮೀಮಾಂಸೆಯ ಪಾಠದಲ್ಲಿ ಇಷ್ಟು ಖಚಿತವಾದ ಲಕ್ಷಣವನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆ ಪರೀಕ್ಷೆಗೆ ನಿಲ್ಲಿಸಿದರೆ ಶ್ರೀರಂಗಪಟ್ಟಣದ ನಕಲು ಮಾತ್ರವಲ್ಲ, ಲಂಡನ್ನಿನ ಅಸಲೂ ಸೋಲುತ್ತದೆ. ಅಂದು ಎಲ್ಲ ದೇಶಗಳ ಬೀಗವೂ ಅರದಿಂದ ಉಜ್ಜಿ ಕೂಡಿಸಿದ್ದು. ಒಂದರ ಭಾಗ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಲು ಹೊರಟವನು ಫ್ರಾನ್ಸಿನ ಹೊನೊರೆ ಬ್ಲಾಂಕ್. 1785ರಲ್ಲಿ ಅವನು ಐವತ್ತು ಬೀಗಗಳ ಬಿಡಿಭಾಗಗಳನ್ನು ಅಮೆರಿಕದ ರಾಯಭಾರಿ ಜೆಫರ್ಸನ್ನನ ಮುಂದೆ ಹರಡಿದ. ಜೆಫರ್ಸನ್ ಕೈಗೆ ಸಿಕ್ಕ ಭಾಗಗಳನ್ನೆತ್ತಿ ತಾನೇ ಕೆಲವು ಬೀಗಗಳನ್ನು ಜೋಡಿಸಿದ. ಅವು ಒಂದಕ್ಕೊಂದು ಸರಿಯಾಗಿ ಕೂತವು. ಅದನ್ನು ಅವನು ಸ್ವದೇಶಕ್ಕೆ ಬರೆದು ತಿಳಿಸಿದ.

ಮೂರು ವರ್ಷದ ನಂತರ ಅದೇ ದೇಶಕ್ಕೆ ಮೈಸೂರಿನ ರಾಯಭಾರವೂ ಹೋಯಿತು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಜೂನಿನಲ್ಲಿ ತೂಲಾನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸಾಯಿನಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಪ್ಯಾರಿಸಿನ ಜನ ಅವರ ಉಡುಗೆ ನೋಡಲು ಮುಗಿಬಿದ್ದರು. ಸೈನ್ಯದ ನೆರವಿನ ಮಾತಿನ ಜೊತೆಗೆ ಅವರ ಬೇಡಿಕೆಯ ಪಟ್ಟಿಯಲ್ಲಿ ಫಿರಂಗಿ ಎರಕದವರು, ಬಂದೂಕು ಮಾಡುವವರು, ಗಡಿಯಾರದವರು, ಗಾಜು ಮತ್ತು ಪಿಂಗಾಣಿ ಕೆಲಸದವರು ಇದ್ದರು. ಲೂಯಿ ಸೈನ್ಯವನ್ನು ಕೊಡಲಿಲ್ಲ, ಕುಶಲಕರ್ಮಿಗಳಲ್ಲಿ ಕೆಲವರನ್ನು ಕಳಿಸಿದ. ಟಿಪ್ಪುವಿಗೆ ಆ ರಾಯಭಾರದ ಫಲ ತೃಪ್ತಿಯಾಗಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಎರಡು ದೇಶಗಳ ಕೇಳಿಕೆಯಲ್ಲಿದ್ದ ಭೇದ. ಅಮೆರಿಕದವನ ಕಣ್ಣು ವಿಧಾನದ ಮೇಲೆ ಬಿತ್ತು. ಮೈಸೂರಿನವರು ಮನುಷ್ಯರನ್ನು ಕೇಳಿದರು. ಕುಶಲಕರ್ಮಿಯನ್ನು ಕರೆತಂದರೆ ಅವನ ಕೈ ಬರುತ್ತದೆ, ಅವನು ಹೋದರೆ ಕೈಯೂ ಹೋಗುತ್ತದೆ. ಆದರೆ ಇದನ್ನು ಟಿಪ್ಪುವಿನ ಕುರುಡೆಂದು ಹೇಳಲಾರೆ. ಕಂಪನಿಯ ಸೈನ್ಯ ಗಡಿಯಲ್ಲಿ ನಿಂತಿರುವಾಗ ವಿಧಾನ ಕಲಿಯಲು ಬಿಡುವೆಲ್ಲಿ?

ಇನ್ನು ಎದುರು ಪಾಳೆಯದ ಕೈಯಲ್ಲಿ ಏನಿತ್ತು? ಇಂಗ್ಲಿಷರ ಬಂದೂಕೆಂದರೆ ಅಸಲು, ಟಿಪ್ಪುವಿನದು ನಕಲು ಎಂಬುದು ನಮ್ಮ ಎಣಿಕೆ. ಸಂಗತಿ ಹಾಗಿರಲಿಲ್ಲ. ಇಂಗ್ಲೆಂಡಿನ ದೊರೆಯ ಸೈನ್ಯಕ್ಕೆ 42 ಅಂಗುಲದ ನಳಿಗೆಯ ಬಂದೂಕು ನಿಗದಿಯಾಗಿತ್ತು. ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರಿಗಳ ಸಂಸ್ಥೆ. ಅದು ನಳಿಗೆಯನ್ನು 39 ಅಂಗುಲಕ್ಕೆ ಇಳಿಸಿತು, ಗಜ ತೂರಿಸುವ ನಾಲ್ಕು ಕೊಳವೆಗಳಲ್ಲಿ ಒಂದನ್ನು ಕಡಿಮೆ ಮಾಡಿತು, ಹಿತ್ತಾಳೆಯ ಅಲಂಕಾರವನ್ನು ತೆಗೆದುಹಾಕಿತು. ಹೀಗೆ ಅಗ್ಗವಾಗಿ ಮಾಡಿಸಿಕೊಂಡ ನಕಲಿಗೆ ಇಂಡಿಯಾ ಮಾದರಿ ಎಂದು ಹೆಸರು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿದಾಗ ದೊರೆಯ ಉಗ್ರಾಣದಲ್ಲಿ ಬಂದೂಕುಗಳೇ ಸಾಲದೆ, ಕಂಪನಿಯ ಈ ಅಗ್ಗದ ಬಂದೂಕುಗಳನ್ನೇ ಸರ್ಕಾರ ಎತ್ತಿಕೊಂಡಿತು. 1797ರಲ್ಲಿ, ಇನ್ನು ಮುಂದೆ ಇದನ್ನೇ ಮಾಡಬೇಕೆಂದು ಕಮ್ಮಟದವರಿಗೆ ಅಪ್ಪಣೆಯಾಯಿತು. ಮುಂದೆ ಇಪ್ಪತ್ತು ಲಕ್ಷಕ್ಕೂ ಮೀರಿ ತಯಾರಾಗಿ, 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಎದುರಿಸಿದ ಇಂಗ್ಲಿಷ್ ಸಿಪಾಯಿಗಳ ಕೈಯಲ್ಲಿದ್ದದ್ದು ಇದೇ. ಅಂದರೆ 1799ರಲ್ಲಿ ಕಾವೇರಿಯ ದಡದಲ್ಲಿ ಒಂದು ನಕಲು ಇನ್ನೊಂದು ನಕಲಿನ ಮೇಲೆ ಗುಂಡು ಹಾರಿಸಿತು.

ಆ ಸೈನ್ಯ ನಮ್ಮ ಊರ ಪಕ್ಕದಲ್ಲೇ ಹಾದುಹೋಯಿತು. ಚನ್ನಗಿರಿ ಸೀಮೆಯ ಧೋಂಡಿಯ ವಾಘ, ಟಿಪ್ಪುವಿನ ಸೆರೆಯಲ್ಲಿದ್ದವನು, ಪಟ್ಟಣ ಬಿದ್ದ ಗೊಂದಲದಲ್ಲಿ ಹೊರಬಿದ್ದು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿದ. ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಮಡಿದ. ಈ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂವಿನ ವೆಲಿಂಗ್ಟನ್.

ನಕಲಿನ ನದಿ ಒಂದೇ ದಿಕ್ಕಿಗೆ ಹರಿಯಲೂ ಇಲ್ಲ. ಮೈಸೂರಿನ ಕಬ್ಬಿಣದ ಕೊಳವೆಯ ಬಾಣಗಳನ್ನು ಕಂಡ ಇಂಗ್ಲಿಷರು ಅವನ್ನು ಊರಿಗೆ ಕೊಂಡೊಯ್ದರು. ಅನಂತರ ಕಾಂಗ್ರೀವ್ ಅವುಗಳ ಮಾದರಿಯನ್ನೇ ಬೆಳೆಸಿ ತನ್ನ ಹೆಸರನ್ನಿಟ್ಟ. 2018ರಲ್ಲಿ ನಗರದ ಒಂದು ಹಾಳುಬಾವಿಯ ಕೆಸರಿನಲ್ಲಿ ಆ ಬಾಣಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಕಾಂಗ್ರೀವನನ್ನು ಲೋಕ ಶೋಧಕನೆಂದಿತು, ನಕಲುಗಾರನೆನ್ನಲಿಲ್ಲ. ಸಾಹಿತ್ಯದಲ್ಲಿಯೂ ಇಂಥ ಎರಡು ತಕ್ಕಡಿಗಳನ್ನು ನಾವು ಬಳಸಿದ್ದೇವೆ. ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶದ ಛಾಯೆಯೆಂದು ಹಿಂದೆ ಎಷ್ಟೋ ಜನ ಕೈತೊಳೆದುಕೊಂಡರು. ದಂಡಿಯಿಂದ ಅದು ತಂದದ್ದು ಬಹಳವೆಂಬುದು ನಿಜ. ಆದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಅರಿವು ಯಾವ ದಂಡಿಯಲ್ಲಿತ್ತು? ಅದೂ ಎಡಗಡೆಗೆ ತಿರುವಿದ ಬೀಗವೇ.

ಈಗ ಇದೇ 1799ರ ಇನ್ನೊಂದು ಪಿಸ್ತೂಲಿನ ಕತೆ ಹೇಳಬೇಕು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬರ್ಲಿನ್ ಎಂಬ ಊರಿನಲ್ಲಿ ಸೀಮಿಯನ್ ನಾರ್ತ್ ಎಂಬ ಒಕ್ಕಲಿಗನಿದ್ದ. ಹೊಲದ ಕೆಲಸದ ಜೊತೆಗೆ ಹುಲ್ಲು ಕೊಯ್ಯುವ ಕತ್ತಿಗಳನ್ನು ಮಾಡುತ್ತಿದ್ದ. ಆ ವರ್ಷದ ಮಾರ್ಚಿಯಲ್ಲಿ, ಶ್ರೀರಂಗಪಟ್ಟಣ ಬೀಳುವುದಕ್ಕೆ ಎರಡು ತಿಂಗಳು ಮೊದಲು, ಅವನ ಸರ್ಕಾರ ಅವನಿಂದ 500 ಪಿಸ್ತೂಲುಗಳಿಗೆ ಕರಾರು ಮಾಡಿಕೊಂಡಿತು. ಅವನು ಮಾಡಿಕೊಟ್ಟದ್ದು ಫ್ರೆಂಚ್ ಸೈನ್ಯದ 1777ರ ಪಿಸ್ತೂಲಿನ ನಕಲು. ಅಂದವಾದದ್ದೇನೂ ಅಲ್ಲ, ನಮ್ಮ ಸುಲ್ತಾನನ ಪಿಸ್ತೂಲಿನ ಪಕ್ಕದಲ್ಲಿ ಇಟ್ಟರೆ ಅರಸುಮಗನ ಪಕ್ಕದಲ್ಲಿ ಕೂಲಿಯಾಳನ್ನು ನಿಲ್ಲಿಸಿದಂತೆ. ಆದರೆ ಆ 500 ಮುಗಿಯುವಷ್ಟರಲ್ಲಿ ಮತ್ತೆ 1,500ಕ್ಕೆ ಬೇಡಿಕೆ ಬಂತು. ಆಮೇಲೆ ಇನ್ನಷ್ಟು. 1813ರಲ್ಲಿ 20,000 ಪಿಸ್ತೂಲುಗಳ ಕರಾರಾದಾಗ ಅದರಲ್ಲೊಂದು ಷರತ್ತಿತ್ತು: ಯಾವ ಪಿಸ್ತೂಲಿನ ಭಾಗವಾದರೂ ಬೇರೆ ಯಾವುದಕ್ಕಾದರೂ ಕೂರಬೇಕು. ಜೆಫರ್ಸನ್ ಪ್ಯಾರಿಸಿನಲ್ಲಿ ಕಂಡ ವಿಧಾನ ಕತ್ತಿ ಮಾಡುವವನ ಕೊಟ್ಟಿಗೆಗೆ ಬಂದು ಮುಟ್ಟಿತು. ನಮ್ಮ ಟರ್ನರ್ ಮಹಾಶಯರ ಪರೀಕ್ಷೆ ಇನ್ನೂರು ವರ್ಷಗಳ ಹಿಂದೆಯೇ ಕರಾರುಪತ್ರದಲ್ಲಿ ಬರೆದಾಗಿತ್ತು.

ಶ್ರೀರಂಗಪಟ್ಟಣದ ಕಮ್ಮಾರನು ನಾರ್ತನಿಗಿಂತ ಕಡಿಮೆಯವನೇ? ಕೆಲಸ ನೋಡಿದರೆ ಹತ್ತು ಪಾಲು ಮೇಲಿನವನು. ಅವನಿಗೆ ಎರಡನೆಯ ಬೇಡಿಕೆ ಬರಲಿಲ್ಲ, ಅಷ್ಟೆ. ಅವನಿಗಿದ್ದವನು ಒಬ್ಬನೇ ಗಿರಾಕಿ. ಆ ಗಿರಾಕಿ ಮೇ 4ರ ಮಧ್ಯಾಹ್ನ ಕೋಟೆಯ ಬಾಗಿಲಲ್ಲಿ ಬಿದ್ದ. ಎಲ್ಲ ಕಸಬನ್ನೂ ಅರಮನೆಯ ಕೈಕೆಳಗೇ ಇಟ್ಟುಕೊಂಡದ್ದು ಟಿಪ್ಪುವಿನ ಏರ್ಪಾಡಿನ ದೌರ್ಬಲ್ಯವೆಂದು ನನ್ನ ಅಭಿಪ್ರಾಯ. ಹೊಸ ಒಡೆಯನಿಗೆ ಇಲ್ಲಿ ಬಂದೂಕು ಮಾಡಿಸುವ ಅಗತ್ಯವಿರಲಿಲ್ಲ. ಅವನ ಬಂದೂಕು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಪಟ್ಟಣದಲ್ಲಿ ಅವನು ನಡೆಸಿದ್ದು ಫಿರಂಗಿಗಳಿಗೆ ಗಾಡಿ ಮಾಡುವ ಕಾರ್ಖಾನೆಯನ್ನು. ಅನಂತರ ಕೋವಿ ಇಟ್ಟುಕೊಳ್ಳುವುದೇ ಅಪರಾಧವಾಗುವ ಕಾಲ ಬಂತು. 1857ರ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದ ಹಲಗಲಿಯ ಬೇಡರ ಊರನ್ನು ಸುಟ್ಟರು. ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. 1878ರ ಆಯುಧ ಕಾಯಿದೆಯ ಮೇಲಂತೂ ಊರ ಕಮ್ಮಾರ ಮಾಡಿದ ಕೋವಿ ನಾಡಬಂದೂಕಾಯಿತು. ನಾಡು ಎಂಬ ಹಿರಿಯ ಶಬ್ದ ನಾಡಹಬ್ಬದಲ್ಲಿ ಗೌರವವನ್ನೂ ನಾಡಬಂದೂಕಿನಲ್ಲಿ ಪೊಲೀಸರ ಪಂಚನಾಮೆಯನ್ನೂ ಸೂಚಿಸುವುದು ಆ ಚರಿತ್ರೆಯಿಂದ. ನಾರ್ತನ ಮೊಮ್ಮಕ್ಕಳ ಕಾಲಕ್ಕೆ ಅಮೆರಿಕದ ಪಿಸ್ತೂಲನ್ನು ಲೋಕ ನಕಲು ಮಾಡತೊಡಗಿದ್ದಾಗ, ಮಾಸೂಮನ ಮೊಮ್ಮಕ್ಕಳ ಕಸಬು ಪಂಚನಾಮೆಯ ಸರಕಾಗಿತ್ತು.

ಮಾಸೂಮನೆಂಬ ಹೆಸರು ನಾನು ಕಲ್ಪಿಸಿದ್ದಲ್ಲ. ಸುಲ್ತಾನನ ಆಯುಧಗಳ ಮೇಲೆ ಮಾಡಿದವರ ಹೆಸರು ಕೆತ್ತಿದೆ: ಸಯ್ಯದ್ ಮಾಸೂಮ್, ಅಸದ್ ಖಾನ್ ಮಹಮ್ಮದ್. ಲೂಟಿಯ ಪಾಲಾಗಿ ಹಡಗು ಹತ್ತಿದ ಅವುಗಳಿಗೆ ಅಲ್ಲಿ ಗಾಜಿನ ಪೆಟ್ಟಿಗೆ ಸಿಕ್ಕಿತು. ವಿಗಿಂಗ್ಟನ್ನರ ಸಂಗ್ರಹ 2005ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಶ್ರೀರಂಗಪಟ್ಟಣದ ಈ ನಕಲಿಗಾಗಿ ಇಂದು ಶ್ರೀಮಂತರು ಪೈಪೋಟಿ ನಡೆಸುತ್ತಾರೆ. ಅದಕ್ಕೆ ಮಾದರಿಯಾದ ಯೂರೋಪಿನ ಸಾಧಾರಣ ಪಿಸ್ತೂಲನ್ನು ಕೇಳುವವರು ಕಡಿಮೆ. ಬೆಲೆ ಬಂದದ್ದರಿಂದ ಅದಕ್ಕೂ ನಕಲು ಹುಟ್ಟಿಕೊಂಡಿದೆ. ಹಿತ್ತಾಳೆಯ ಹುಲಿತಲೆ ಅಂಟಿಸಿದ, ಕಲ್ಲೂ ಇಲ್ಲದ ಕಿಡಿಯೂ ಇಲ್ಲದ ಪಿಸ್ತೂಲುಗಳು ಪ್ರವಾಸಿಗಳಿಗಾಗಿ ಗೋಡೆಗೆ ನೇತುಬಿದ್ದಿವೆ.

ಸಿಪಾಯಿಗಾಗಿ ಮಾಡಿದ ಅಗ್ಗದ ಬಂದೂಕಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಬೀಗದ ಫಲಕದ ಮೇಲೆ ಹುಲಿಪಟ್ಟೆಯ ಮುದ್ರೆಯ ಜೊತೆಗೆ ಪಾರಸೀ ಲಿಪಿಯಲ್ಲಿ ಕೆಲವೊಮ್ಮೆ ಊರಿನ ಹೆಸರಷ್ಟೇ ಇರುತ್ತದೆ: ಪಟ್ಟಣ, ಬೆಂಗಳೂರು, ನಗರ.